ಎಡಗೈ ಎತ್ತಿದವರು

ಬೆಳಿಗ್ಗೆಯಿಂದ ಸೊಂಜುವಿನ ಕಣ್ಣು ಬರೀ ಕೈಗಳ ಮೇಲೆ ಬೀಳುತ್ತಿತ್ತು. ಬಂದರಿನ ತಿರುವಿನಲ್ಲಿ ಬಸ್ಸಿನ ಡ್ರೈವರು ಎಡಗೈಯೊಂದರಲ್ಲೇ ಸ್ಟೇರಿಂಗ್ ತಿರುಗಿಸುತ್ತ ಬಲಗೈಯಿಂದ ಕಿವಿ ಕೆರೆದುಕೊಂಡ. ಮೀನು ಮಾರುಕಟ್ಟೆಯ ನಿಲ್ದಾಣದಲ್ಲಿ ಹತ್ತಿದ ಮುದುಕಿ ಕೆಂಪು ರಬ್ಬರಿನ ಕೈಗವಸನ್ನು ಬಿಚ್ಚಿಯೇ ಇರಲಿಲ್ಲ. ಕಂಬಿ ಹಿಡಿಯಲು ಅವಳು ಮೊದಲು ಎತ್ತಿದ್ದು ಎಡಗೈ. ಯಾರ ಯಾವ ಕೈ ಮೇಲೆ ಹೋಗುತ್ತದೆ ಎಂದು ತಾನು ಈ ಮೊದಲು ಹೀಗೆ ನೋಡಿದವಳೇ ಅಲ್ಲ ಅಂದುಕೊಂಡಳು. ಮರುಗಳಿಗೆಯೇ, ಅದು ಸುಳ್ಳು, ಟೀಚರಾದ ದಿನದಿಂದ ತಾನು ನೋಡುತ್ತ ಬಂದಿರುವುದು ಅದನ್ನೇ ಎಂದು ಹೊಳೆದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ತೊಂಗ್ಯಾಂಗ್ ಊರಿನ ಸಮುದ್ರ ಸಿಂಪಿ ಬೇಸಾಯದ ಬಿಳಿ ತೇಲುಗುಂಡುಗಳನ್ನು ಸಾಲುಸಾಲಾಗಿ ಹೊತ್ತುಕೊಂಡು, ಹಾಜರಿ ತೆಗೆಯಲೆಂದು ನಿಲ್ಲಿಸಿದ ಮಕ್ಕಳ ಹಾಗೆ ಶಿಸ್ತಾಗಿ ಬಿದ್ದಿತ್ತು. ಆ ಶಿಸ್ತನ್ನು ಕಂಡು ಇವತ್ತು ಅವಳಿಗೆ ಸಿಟ್ಟು ಬಂತು.

ನಿನ್ನೆ ತಾಲೀಮು ನಡೆದಿತ್ತು. ಶಾಲೆಯಲ್ಲಿ ಯಾರೂ ಅದನ್ನು ತಾಲೀಮು ಅನ್ನುವುದಿಲ್ಲ, ಪುನರಾವರ್ತನೆ ಅನ್ನುತ್ತಾರೆ. ಇವತ್ತು ನಾಲ್ಕನೇ ಪೀರಿಯಡ್ಡಿಗೆ ಅಪ್ಪ ಅಮ್ಮಂದಿರು ಬಂದು ತರಗತಿಯ ಹಿಂದೆ ಸಾಲಾಗಿ ನಿಂತು ಪಾಠ ನೋಡುವವರಿದ್ದರು. ಅದಕ್ಕಾಗಿ ನಾಲ್ಕನೇ ತರಗತಿಯ ಮೂರನೇ ವಿಭಾಗದ ಮಕ್ಕಳಿಗೆ ಮಾರ್ಚಿನಲ್ಲೇ ಒಂದು ಕಟ್ಟಳೆ ಕಲಿಸಿದ್ದಳು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಹಿಂದೆ ನಿಂತವರಿಗೆ ಕಾಣುವುದು ಕೈಗಳ ಕಾಡು. ಯಾರನ್ನು ಕೇಳಬೇಕು, ಯಾರನ್ನು ಬಿಡಬೇಕು ಎಂಬುದು ಟೀಚರಿಗೆ ಮಾತ್ರ ಗೊತ್ತು. ಅವಳು ಕಂಡುಹಿಡಿದ ಉಪಾಯವೇನಲ್ಲ ಇದು. ಅವಳ ಟೀಚರು ಅವಳಿಗೆ ಕಲಿಸಿದ್ದು, ಆ ಟೀಚರಿಗೆ ಇನ್ಯಾರೋ ಕಲಿಸಿದ್ದು. ನಿನ್ನೆ ತಾಲೀಮು ಚೆನ್ನಾಗಿಯೇ ನಡೆಯಿತು. ಕೊನೆಯ ಪ್ರಶ್ನೆಗೆ ಸೊಲ್ಬಿ ಎಂಬ ಚುರುಕು ಹುಡುಗಿ ಎದ್ದು ನಿಂತು ಉತ್ತರಿಸಬೇಕು ಎಂದೂ ತೀರ್ಮಾನವಾಯಿತು. ಆಮೇಲೆ ಕಸ ಗುಡಿಸುವ ಹೊತ್ತಿನಲ್ಲಿ ಅದೇ ಸೊಲ್ಬಿ ನೆಲ ಒರೆಸುವ ಕೋಲಿಗೆ ಗಲ್ಲ ಊರಿ ಕೇಳಿದಳು:

"ಮಿಸ್, ಇರಾಂಗ್‌ಗೆ ಉತ್ತರ ಗೊತ್ತಿದ್ರೆ ಅವಳೇನ್ ಮಾಡ್ಬೇಕು?"

"ಏನ್ ಮಾಡ್ಬೇಕು ಅಂದ್ರೆ? ಬಲಗೈ ಎತ್ಬೇಕು."

"ಅವಳ ಬಲಗೈ ಏಳೋದೇ ಇಲ್ವಲ್ಲ."

ಅಷ್ಟು ಹೇಳಿ ಹುಡುಗಿ ಬಕೆಟ್ಟಿನ ನೀರು ಚೆಲ್ಲಲು ಹೋದಳು. ಇರಾಂಗಳ ದೇಹದ ಬಲಭಾಗ ಹುಟ್ಟಿದಾಗಿನಿಂದ ಸೋತದ್ದು. ಬಲಗೈ ಮಣಿಕಟ್ಟಿನಲ್ಲಿ ಮಡಚಿ ಎದೆಗೆ ಒತ್ತಿಕೊಂಡಿರುತ್ತದೆ, ಮಾತು ಒಂದೊಂದೇ ಪದವಾಗಿ, ನಡುನಡುವೆ ಜೊಲ್ಲು ನುಂಗಿಕೊಂಡು ಬರುತ್ತದೆ. ಇದು ಸೊಂಜುವಿಗೆ ಗೊತ್ತಿಲ್ಲದ್ದೇನಲ್ಲ. ದಿನಾ ಆ ಕೈಯನ್ನು ನೋಡುತ್ತಿದ್ದಳು. ಊಟದ ತಟ್ಟೆ ಜಾರದಂತೆ ಅದರ ಕೆಳಗೆ ರಬ್ಬರಿನ ಚಾಪೆ ಹಾಕಿಸಿದವಳು ಅವಳೇ. ಮೆಟ್ಟಿಲು ಇಳಿಯುವಾಗ ಯಾರು ಜೊತೆಗಿರಬೇಕು ಎಂದು ಗೊತ್ತುಮಾಡಿದವಳೂ ಅವಳೇ. ಆದರೂ ಮಾರ್ಚಿನಿಂದ ಪ್ರತಿ ಪ್ರಶ್ನೆಗೂ ಮೂರನೇ ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತಿದ್ದ ಆ ಎಡಗೈಯನ್ನು ಕಂಡು, ಪಾಪ, ಇವಳಿಗೆ ಗೊತ್ತಿಲ್ಲ ಎಂದು ದಾಟಿ ಹೋಗಿದ್ದಳು. ದಾಟಿ ಹೋಗುವಾಗ ಒಳಗೊಳಗೇ ತಾನು ಒಳ್ಳೆಯವಳು ಎಂದೂ ಅನ್ನಿಸಿತ್ತು. ಎಲ್ಲಕ್ಕಿಂತ ಅಸಹ್ಯವಾದದ್ದು ಅದು.

ನಿನ್ನೆ ತಾಲೀಮಿನ ಹೊತ್ತಿಗೆ ಇರಾಂಗ್ ತರಗತಿಯಲ್ಲಿ ಇರಲೇ ಇಲ್ಲ. ಕೆಳಗಿನ ಅಂತಸ್ತಿನಲ್ಲಿ, ನೆರವಿನ ಕೋಣೆ ಎಂದು ಕರೆಯುವ, ಬಣ್ಣದ ಕುಶನ್ನುಗಳಿರುವ ಕೋಣೆಯಲ್ಲಿ, ಅಲ್ಲಿನ ಟೀಚರು ಮೆಂಗ್ ಮೇಡಂ ಜೊತೆ ಇದ್ದಳು. ಇವತ್ತಿನ ನಾಲ್ಕನೇ ಪೀರಿಯಡ್ಡಿಗೂ ಅವಳು ಅಲ್ಲೇ ಇರಬೇಕೆಂದು ತೀರ್ಮಾನವಾಗಿತ್ತು. ಯಾರ ತೀರ್ಮಾನ? ಹೋದ ವಾರ ಇರಾಂಗಳ ತಾಯಿಗೆ ಫೋನ್ ಮಾಡಿದವಳು ಸೊಂಜು. ಜನ ಜಾಸ್ತಿ ಇರ್ತಾರೆ, ಗದ್ದಲಕ್ಕೆ ಮಗು ಗಾಬರಿಯಾಗಬಹುದು, ಅವತ್ತೊಂದು ಗಂಟೆ ಕೆಳಗೇ ಇದ್ದರೆ ಅವಳಿಗೂ ಹಿತ ಅಲ್ವಾ ಎಂದು, ಉಪಮುಖ್ಯೋಪಾಧ್ಯಾಯ ತಾಕ್ ಹೇಳಿಕೊಟ್ಟ ಮಾತುಗಳನ್ನು ತನ್ನವೇ ಎಂಬಂತೆ ಮೆತ್ತಗೆ ಹೇಳಿದ್ದಳು. "ಹೌದು ಮಿಸ್, ಹೌದು ಹೌದು. ನಿಮಗೆ ತೊಂದ್ರೆ ಕೊಡ್ತಾನೇ ಇದೀವಿ. ಕ್ಷಮಿಸಿ," ಎಂದಿತ್ತು ಆ ಕಡೆಯ ದನಿ. ಆ ಕ್ಷಮೆ ತುಟಿಯ ಮೇಲೇ ಸಿದ್ಧವಾಗಿ ಕೂತಿತ್ತು. ಕೇಳುವುದಕ್ಕೆ ಮುಂಚೆಯೇ ಚಿಲ್ಲರೆ ಎಣಿಸಿಟ್ಟುಕೊಂಡ ಪ್ರಯಾಣಿಕರ ಹಾಗೆ. ಫೋನಿಟ್ಟ ಮೇಲೆ ಸೊಂಜುವಿಗೆ ಹಗುರವಾಗಿತ್ತು. ಹಸಿವಾಗಿತ್ತು ಕೂಡ.

ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ ಒಳಗಿನ ಚಪ್ಪಲಿಗೆ ಕಾಲು ತೂರಿಸುವಾಗ ಫೆಬ್ರವರಿಯ ಕೊನೆಯ ವಾರ ನೆನಪಾಯಿತು. ಹೊಸ ತರಗತಿಗಳು ಶುರುವಾಗುವ ಮುಂಚೆ ಟೀಚರುಗಳೆಲ್ಲ ಮೇಜಿನ ಸುತ್ತ ಸೇರಿ ತಮ್ಮ ತಮ್ಮ ವಿಭಾಗದ ಲಕೋಟೆ ಎತ್ತಿಕೊಳ್ಳುವುದು ಪದ್ಧತಿ. ಅವತ್ತು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ತಡವಾಗಿ ಬಂದಿದ್ದಳು. ಅರ್ಧ ಮುಖ ಮರಗಟ್ಟಿತ್ತು. ಮೇಜಿನ ಮೇಲೆ ಒಂದೇ ಲಕೋಟೆ ಉಳಿದಿತ್ತು, ಸುತ್ತ ಕೂತವರೆಲ್ಲ ತಮ್ಮ ಕಾಫಿ ಕಪ್ಪಿನೊಳಗೆ ಏನನ್ನೋ ಹುಡುಕುತ್ತಿದ್ದರು. "ಅಯ್ಯೋ, ಓಕ್ ಮೇಡಂ ಪಾಲಿಗೇ ಬಂತಾ! ಬೇಜಾರ್ ಮಾಡ್ಕೋಬೇಡಿ, ಅಂಥ ಮಗು ಇರೋ ವಿಭಾಗಕ್ಕೆ ಬಡ್ತಿಯ ಅಂಕ ಸಿಗುತ್ತೆ," ಎಂದು ಯಾರೋ ಸೊಂಜುವಿನ ಮನೆತನದ ಹೆಸರು ಹಿಡಿದು ಅಂದರು. ಸೊಂಜು ಮರಗಟ್ಟಿದ ತುಟಿಯಲ್ಲೇ ನಕ್ಕಳು. ನಗು ಒಂದೇ ಕಡೆಗೆ ಎಳೆಯಿತು. ಆ ಸಂಜೆ ಮನೆಗೆ ನಡೆಯುವಾಗ, ಇನ್ನೂ ಮುಖ ನೋಡದ ಒಂದು ಮಗುವಿನ ಹೆಸರನ್ನು ಮನಸ್ಸಿನಲ್ಲಿ ಉಚ್ಚರಿಸಿ ಉಚ್ಚರಿಸಿ ದ್ವೇಷಿಸಿದ್ದಳು. ಸಲ್ ಇರಾಂಗ್, ಸಲ್ ಇರಾಂಗ್. ಮಾರ್ಚಿನಲ್ಲಿ ಮಗು ಬಂದು ಕೂತಾಗ ಅವಳಿಗೆ ಆಶ್ಚರ್ಯವಾದದ್ದು ಒಂದೇ: ಅದೂ ತನ್ನನ್ನು ಅಷ್ಟೇ ಅನುಮಾನದಿಂದ ನೋಡುತ್ತಿತ್ತು.

ಟೀಚರುಗಳ ಕೋಣೆಯಲ್ಲಿ ತಾಕ್ ಕುಂಡದಲ್ಲಿದ್ದ ಗಿಡಗಳ ಎಲೆ ಒರೆಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಯಾರ ತಂದೆ ಸತ್ತರೂ ಮೊದಲು ಹೋಗಿ ಕೂರುವವನು, ಮದ್ಯದಂಗಡಿಯಲ್ಲಿ ಎಲ್ಲರ ಬಿಲ್ಲನ್ನೂ ಗೊತ್ತಾಗದಂತೆ ತಾನೇ ಕಟ್ಟುವವನು.

"ಓಕ್ ಮೇಡಂ, ಎಲ್ಲಾ ಸಿದ್ಧ ತಾನೇ? ಆ ಮಗು ಕೆಳಗಿರತ್ತೆ ಅಂತ ಮೆಂಗ್ ಮೇಡಂಗೆ ಹೇಳಿದೀರಲ್ಲ?"

"ಕೆಳಗಿರಲ್ಲ ಸಾರ್. ತರಗತಿಯಲ್ಲಿರ್ತಾಳೆ."

ಮಾತು ಹೊರಗೆ ಬಂದ ಮೇಲೆಯೇ ಅದನ್ನು ತಾನು ಹೇಳುತ್ತೇನೆಂದು ಸೊಂಜುವಿಗೆ ಗೊತ್ತಾಗಿದ್ದು. ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದು ಬೇರೆಯೇ ಇತ್ತು. ಇವತ್ತು ಹೇಗೋ ಕಳೆದುಹೋಗಲಿ, ನಾಳೆಯಿಂದ ಎಡಗೈ ಬಲಗೈ ಕಟ್ಟಳೆ ತೆಗೆದುಹಾಕಿದರಾಯಿತು ಎಂದು.

ತಾಕ್ ಒದ್ದೆ ಬಟ್ಟೆಯನ್ನು ಕುಂಡದ ಅಂಚಿಗೆ ಹಾಕಿದ. "ಯಾಕೆ? ತಾಯಿ ಏನಾದ್ರೂ ತಕರಾರು ತೆಗೆದ್ರಾ?"

"ಇಲ್ಲ. ಅವರು ಯಾವತ್ತೂ ತೆಗೆಯಲ್ಲ."

"ಮತ್ತೆ?"

"ಅವಳು ನನ್ನ ವಿಭಾಗದವಳು."

"ಅದನ್ನ ಯಾರು ಇಲ್ಲ ಅಂದ್ರು? ವರ್ಷವೆಲ್ಲಾ ಇರ್ತಾಳೆ. ಒಂದು ಗಂಟೆ ಕಣ್ರೀ, ಒಂದು ಗಂಟೆ." ದನಿ ತಗ್ಗಿಸಿದ. "ಹೋದ ವರ್ಷದ್ದು ಮರೆತ್ರಾ? ಎರಡನೇ ತರಗತಿಯಲ್ಲಿ ಒಬ್ಬ ಕಿರುಚಿದ ಅಂತ ಅಷ್ಟು ಜನ ಅಮ್ಮಂದಿರು ಶಿಕ್ಷಣ ಕಚೇರಿಗೆ ದೂರು ಬರೆದ್ರು. ಉತ್ತರ ಕೊಟ್ಟಿದ್ದು ಯಾರು? ನಾನು. ನಿಮಗೇನು, ಇಲ್ಲಿ ಹೀರೋಯಿನ್ ಆಗ್ತೀರಿ, ಅಲ್ಲಿ ತಲೆ ಬಗ್ಗಿಸೋನು ನಾನು."

"ಇರಾಂಗ್ ಕಿರುಚಲ್ಲ ಸಾರ್. ನಿಧಾನ ಅಷ್ಟೆ."

"ಅದೇ ಹೇಳಿದ್ದು. ನಿಂತು ನೋಡೋರಿಗೆ ಅದೂ ಕಷ್ಟಾನೇ."

ಸಮಾನತೆ, ಹಕ್ಕು, ತರಬೇತಿ ಶಿಬಿರಗಳಲ್ಲಿ ಪರದೆಯ ಮೇಲೆ ಬರುವ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದವು, ಅವನ್ನು ಹೇಳಲು ನಾಚಿಕೆಯಾಯಿತು. ಹೋದ ವಾರ ಅದೇ ನಾಲಗೆಯಲ್ಲಿ ತಾನೇ ಗದ್ದಲ, ಗಾಬರಿ, ಹಿತ ಎಂದದ್ದು. "ಕಷ್ಟ ಆದ್ರೆ ಆಗ್ಲಿ ಬಿಡಿ," ಅಂದುಬಿಟ್ಟಳು. ದನಿ ಬೇಕಾದ್ದಕ್ಕಿಂತ ಜೋರಾಯಿತು. ಜೆರಾಕ್ಸ್ ಯಂತ್ರದ ಹತ್ತಿರವಿದ್ದ ಇಬ್ಬರು ತಿರುಗಿ ನೋಡಿ, ಮತ್ತೆ ಯಂತ್ರವನ್ನೇ ನೋಡತೊಡಗಿದರು. ತಾಕ್ ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, ಇದರ ತುದಿ ಯಾಕೋ ಒಣಗ್ತಿದೆ ಎಂದು ಗಿಡಕ್ಕೆ ಹೇಳಿದ. ಅವಮಾನ ಮಾಡುವ ಅವನ ರೀತಿ ಅದು. ಎದುರಿಗಿದ್ದವರು ಹೊರಟುಹೋದರು ಎಂಬಂತೆ ನಡೆದುಕೊಳ್ಳುವುದು.

ಮೊದಲ ಎರಡು ಪೀರಿಯಡ್ಡು ಹೇಗೆ ಕಳೆಯಿತೋ. ಮಕ್ಕಳು ನಕಲು ಬರೆಯುವಾಗ ಕಿಟಕಿಯ ಹತ್ತಿರ ನಿಂತವಳ ಮೂಗಿಗೆ ಬಂದರಿನಿಂದ ಬರುವ ಗಾಳಿಯಲ್ಲಿ ಸಿಂಪಿಚಿಪ್ಪಿನ ವಾಸನೆ ಬಡಿಯಿತು. ಅವಳ ಅಮ್ಮನ ಉಗುರಿನ ವಾಸನೆ ಅದು. ಅಮ್ಮ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಇಡೀ ಚಳಿಗಾಲ ನಿಂತು ಕೆಲಸ ಮಾಡುತ್ತಿದ್ದಳು. ಇಂಥದೇ ದಿನ, ಸೊಂಜು ಮೂರನೇ ತರಗತಿಯಲ್ಲಿದ್ದಾಗ, ಅಮ್ಮ ಶೆಡ್ಡಿನಿಂದ ಸೀದಾ ಬಂದು ಉಳಿದ ಅಮ್ಮಂದಿರ ನಡುವೆ ನಿಂತಿದ್ದಳು. ಅವಳ ಎರಡೂ ಪಕ್ಕ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿದಿತ್ತು. ಸೊಂಜು ಪ್ರತಿ ಪ್ರಶ್ನೆಗೂ ಎಡಗೈ ಎತ್ತಿದಳು. ಗೊತ್ತಿದ್ದ ಪ್ರಶ್ನೆಗೂ. ಎದ್ದು ನಿಂತರೆ ಎಲ್ಲರೂ ತನ್ನನ್ನು ನೋಡುತ್ತಾರೆ, ತನ್ನನ್ನು ನೋಡಿದವರು ತಾಯಿ ಯಾರೆಂದು ಹಿಂದಕ್ಕೆ ತಿರುಗುತ್ತಾರೆ. ಎಡಗೈ ಎತ್ತಿದವರನ್ನು ಯಾರೂ ಎಬ್ಬಿಸುವುದಿಲ್ಲ. ಮನೆಗೆ ಹೋಗುವಾಗ ಅಮ್ಮ ಹೆಮ್ಮೆಯಿಂದ, "ನೀನು ಒಂದು ಸಲಾನೂ ಕೈ ಇಳಿಸಲಿಲ್ಲ ಕಣೇ, ಆದ್ರೂ ಆ ಟೀಚರ್ ಮುಂಡೇದು ನಿನ್ನ ಕೇಳ್ಲೇ ಇಲ್ವಲ್ಲ," ಎಂದು ಬೈದಿದ್ದಳು. ಸೊಂಜುವಿಗೆ ಆ ಕಟ್ಟಳೆ ಕರುಣೆಯಾಗಿ ಕಂಡಿತ್ತು. ಅಡಗಿಕೊಳ್ಳಬೇಕಾದವರಿಗೆ ಅದು ಗೋಡೆ. ಆದರೆ ಇರಾಂಗ್ ಅಡಗಿಕೊಂಡಿರಲಿಲ್ಲ. ಗೋಡೆಯನ್ನು ಎತ್ತಿಕೊಂಡು ಹೋಗಿ ಅವಳ ಮುಂದೆ ಇಟ್ಟಿದ್ದು ಸೊಂಜು. ಹೀಗೆ ಯೋಚಿಸುತ್ತಿರುವಾಗಲೇ, ಇದೆಲ್ಲ ಚೆಂದದ ಮಾತು, ನೀನು ಈಗ ಕೆಳಗೆ ಇಳಿದು ಹೋಗುತ್ತೀಯೋ ಇಲ್ಲವೋ ಅಷ್ಟು ಹೇಳು, ಎಂದು ತನ್ನನ್ನೇ ಗದರಿಕೊಂಡಳು.

ಮೂರನೇ ಪೀರಿಯಡ್ಡಿಗೆ ಮಕ್ಕಳು ಆಟದ ಕೋಣೆಗೆ ಹೋದಾಗ ಇಳಿದು ಹೋದಳು. ನೆರವಿನ ಕೋಣೆಯಲ್ಲಿ ಮೆಂಗ್ ಮೇಡಂ ಕತ್ತರಿ ಹಿಡಿದು ಏನನ್ನೋ ಕತ್ತರಿಸುತ್ತಿದ್ದಳು. ಇರಾಂಗ್ ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ಕೂತಿದ್ದಳು.

"ಇರಾಂಗ್‌ನ ಕರ್ಕೊಂಡು ಹೋಗೋಕೆ ಬಂದೆ. ಮುಂದಿನ ಪೀರಿಯಡ್ಡಿಗೆ."

ಮೆಂಗ್ ಮೇಡಂ ತಲೆ ಎತ್ತಲಿಲ್ಲ. "ಓಹೋ. ತಾಕ್ ಸಾರ್ ಈಗಷ್ಟೇ ಫೋನ್ ಮಾಡಿ, ಕಳಿಸಬೇಡಿ ಅಂದ್ರು. ನೀವು ಬಂದು ಕಳಿಸಿ ಅಂತೀರಿ. ಈ ಕೋಣೆ ಏನು, ಮಳೆ ಬಂದಾಗ ಕೊಡೆ ಇಟ್ಟು ಹೋಗೋ ಜಾಗಾನಾ?"

"ಅವರು ಕೇಳಿದ್ರೆ ನಾನೇ ಎಳ್ಕೊಂಡು ಹೋದೆ ಅನ್ನಿ."

"ಅನ್ತೀನಿ. ಬಿಡ್ತೀನಿ ಅಂದ್ಕೊಂಡ್ರಾ?" ಕತ್ತರಿ ಕೆಳಗಿಟ್ಟು ಮೊದಲ ಸಲ ನಕ್ಕಳು. "ಆದ್ರೆ ಮೊದಲು ಅವಳನ್ನ ಕೇಳಿ. ಯಾರೂ ಕೇಳಲ್ಲ."

ಸೊಂಜು ಇರಾಂಗಳ ಪಕ್ಕ ಮಂಡಿಯೂರಿ ಕೂತಳು. ಮಗು ಅವಳನ್ನು ನೋಡದೆ, "ಬರಲ್ಲ," ಎಂದಳು.

"ಯಾಕೆ?"

"ಅಲ್ಲಿ... ಏನ್ ಮಾಡ್ಲಿ." ಜೊಲ್ಲು ನುಂಗಿ, ಗಲ್ಲವನ್ನು ಭುಜಕ್ಕೆ ಒರೆಸಿಕೊಂಡಳು. "ಕೈ... ಎತ್ತಿದ್ರೂ... ನೀವು ಕೇಳಲ್ಲ."

"ತಪ್ಪು ನಂದು. ಇವತ್ತಿಂದ ಎಡಗೈ ಬಲಗೈ ಕಟ್ಟಳೆ ಇಲ್ಲ. ನಿನಗೆ ಗೊತ್ತಿದ್ದಾಗೆಲ್ಲ ಎತ್ತಿದೀಯ, ನಾನೇ..."

"ಗೊತ್ತಿಲ್ಲದಾಗ್ಲೂ... ಎತ್ತಿದೀನಿ." ಈಗ ತಿರುಗಿ ನೋಡಿದಳು. "ಸುಮಾರು ಸಲ."

ಮೆಂಗ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಳು. ಸೊಂಜು ನಗಲಿಲ್ಲ. ಬೆಳಗಿನಿಂದ ಕಟ್ಟಿಕೊಂಡು ತಿರುಗುತ್ತಿದ್ದ ಪಶ್ಚಾತ್ತಾಪದ ಗಂಟನ್ನು ಈ ಹುಡುಗಿ ಕಾಲಿನಿಂದ ಒದ್ದ ಹಾಗಾಯಿತು; ಒಂದು ರೀತಿಯಲ್ಲಿ ಉಸಿರೂ ಬಂತು. ತಾನು ಇಲ್ಲಿ ಯಾರನ್ನೂ ಉದ್ಧಾರ ಮಾಡಲು ಬಂದಿಲ್ಲ. ತನ್ನ ವಿಭಾಗದ ಒಬ್ಬ ಹುಡುಗಿ ಕ್ಲಾಸು ತಪ್ಪಿಸಿಕೊಂಡು ಕುಶನ್ನಿನ ಮೇಲೆ ಕೂತಿದ್ದಾಳೆ, ಅಷ್ಟೆ.

"ಹಾಗಾದ್ರೆ ಇನ್ಮೇಲೆ ಗೊತ್ತಿಲ್ಲದಿದ್ರೆ ಎತ್ಬೇಡ," ಎಂದಳು. "ಎತ್ತಿದ್ರೆ ಎಬ್ಬಿಸಿ ಕೇಳ್ತೀನಿ. ಎಲ್ಲರ ಮುಂದೆ. ಏಳು ಈಗ, ಲೆಕ್ಕದ ಪುಸ್ತಕ ತಗೋ."

ಇರಾಂಗ್ ಅವಳನ್ನು ಮೇಲಿಂದ ಕೆಳಗೆ ಅಳೆದು ನೋಡಿದಳು. ಆಮೇಲೆ ಎಡಗೈ ಊರಿ ಎದ್ದಳು.

ನಾಲ್ಕನೇ ಪೀರಿಯಡ್ಡಿನ ಹೊತ್ತಿಗೆ ತರಗತಿಯ ಹಿಂಭಾಗ ತುಂಬಿತ್ತು. ಸುಗಂಧ, ಇಸ್ತ್ರಿಯ ವಾಸನೆ, ಅತಿಥಿಗಳಿಗೆಂದು ಶಾಲೆ ಕೊಟ್ಟ ಹಸಿರು ಚಪ್ಪಲಿಗಳಲ್ಲಿ ತೂರಿದ ರೇಷ್ಮೆ ಕಾಲುಚೀಲಗಳು. ಸೊಲ್ಬಿಯ ತಾಯಿ ಮುಂದಿನ ಸಾಲಿನಲ್ಲೇ ಫೋನನ್ನು ಎದೆಯೆತ್ತರಕ್ಕೆ ಹಿಡಿದು ನಿಂತಿದ್ದಳು. ತಾಕ್ ಹಿಂದಿನ ಬಾಗಿಲಿನ ಪಕ್ಕ ಕೈಕಟ್ಟಿಕೊಂಡಿದ್ದ. ಇರಾಂಗಳನ್ನು ಕಂಡಾಗ ಅವನ ಹುಬ್ಬು ಮೇಲೆ ಹೋದದ್ದು, ಅಲ್ಲೇ ನಿಂತದ್ದು ಕಾಣಿಸಿತು. ಅವನ ಆಚೆ, ಬಾಗಿಲಿನ ಹೊರಗೆ ಕಾರಿಡಾರಿನಲ್ಲಿ, ಇರಾಂಗಳ ತಾಯಿ. ನೆರವಿನ ಕೋಣೆಗೆ ಹೋಗಿ, ಮಗಳು ಮೇಲಿದ್ದಾಳೆಂದು ತಿಳಿದು ಬಂದಿರಬೇಕು. ಒಳಗೆ ಬರಲಿಲ್ಲ. ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಯಾರಾದರೂ ಇಲ್ಲೇನು ಮಾಡುತ್ತಿದ್ದೀರಿ ಎಂದರೆ ಹೊರಟುಬಿಡುವವಳ ಹಾಗೆ ನಿಂತಿದ್ದಳು.

ಮಕ್ಕಳು ಕಾಗದದ ತ್ರಿಕೋನಗಳ ಮೂರು ಮೂಲೆ ಹರಿದು, ಪಕ್ಕಪಕ್ಕಕ್ಕೆ ಜೋಡಿಸಿ, ಮೂರೂ ಸೇರಿ ಒಂದು ನೇರ ಗೆರೆಯಾಗುತ್ತದೆ ಎಂದು ಕಂಡುಕೊಂಡರು. ನೂರ ಎಂಬತ್ತು ಡಿಗ್ರಿ. ಇರಾಂಗ್ ಕಾಗದವನ್ನು ಮೊಣಕೈಯಲ್ಲಿ ಅದುಮಿ, ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ, ಪಾಪ" ಅಂದರು. ಅವಳು ಒದ್ದೆ ಚೂರನ್ನು ಬಾಯಿಂದ ತೆಗೆದು ಮೇಜಿಗೆ ಅಂಟಿಸಿದಳು. ಅವಳದ್ದು ಉಳಿದವರದ್ದಕ್ಕಿಂತ ಚೆನ್ನಾಗಿ ಕೂತಿತು, ಒದ್ದೆಯಾಗಿತ್ತಲ್ಲ.

"ಈಗ ಚತುರ್ಭುಜ," ಎಂದಳು ಸೊಂಜು. "ನಾಲ್ಕು ಕೋನ ಸೇರಿದ್ರೆ ಎಷ್ಟು? ಹರಿಯೋದು ಬೇಡ. ಯೋಚಿಸಿ, ಯಾಕೆ ಹಾಗೆ ಅಂತಾನೂ ಹೇಳ್ಬೇಕು. ಇನ್ನೊಂದು ಮಾತು. ಎಡಗೈ ಬಲಗೈ ಇಲ್ಲ ಇವತ್ತು. ಗೊತ್ತಿದ್ದವರು ಯಾವ ಕೈ ಬೇಕಾದ್ರೂ ಎತ್ತಿ. ಗೊತ್ತಿಲ್ಲದವರು ಎತ್ತಬೇಡಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ಎದ್ದ ಕೈಗಳು ಇಳಿದವು. ಸಂಖ್ಯೆ ಎಲ್ಲರಿಗೂ ನಿನ್ನೆಯದೇ ನೆನಪಿತ್ತು, ಮುನ್ನೂರ ಅರವತ್ತು; ಯಾಕೆ ಎಂಬುದು ಸೊಲ್ಬಿಯ ಪಾಲಿನ ಕೆಲಸವಾದ್ದರಿಂದ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಕೈಗಳ ಕಾಡು ಇರಬೇಕಾದ ಜಾಗದಲ್ಲಿ ಬಟಾಬಯಲು. ಹಿಂದೆ ನಿಂತವರ ಮುಖದ ಮೇಲೆ, ತಮ್ಮ ಮಗುವಿನ ಕೆಳಗಿದ್ದ ಕೈಯನ್ನು ಕಂಡಾಗ, ಏನೋ ಕಳುವಾದ ಚಹರೆ ಬಂತು. ಒಬ್ಬ ತಂದೆ ಗಂಟಲು ಸರಿಮಾಡಿ ಮಗನಿಗೆ ಸನ್ನೆ ಮಾಡಿದ. ಸೊಂಜುವಿನ ಕಿವಿ ಬಿಸಿಯಾಯಿತು. ಮಾರ್ಚಿನಿಂದ ಕಲಿಸಿದ್ದು ಇಷ್ಟೇನಾ ಎಂದು ಅವರೆಲ್ಲ ಕೇಳುತ್ತಿರುವುದು ಕೇಳಿಸಿತು. ಹೌದು, ಇಷ್ಟೇ, ನೋಡಿಕೊಳ್ಳಿ, ಎಂದು ಒಳಗೇ ಹೇಳಿಕೊಂಡಳು. ಆ ಬಯಲಿನಲ್ಲಿ ನಿಂತಿದ್ದವು ಎರಡೇ ಕೈ. ಒಂದು ಸೊಲ್ಬಿಯದು. ಇನ್ನೊಂದು ಮೂರನೇ ಸಾಲಿನ ಎಡಗೈ.

"ಇರಾಂಗ್."

ಸೊಲ್ಬಿಯ ಕೈ ಬಹಳ ನಿಧಾನವಾಗಿ ಇಳಿಯಿತು. ಅವಳ ತಾಯಿಯ ಫೋನೂ ಇಳಿಯಿತು. ಇದೂ ಅನ್ಯಾಯವೇ ಎಂದು ಸೊಂಜುವಿಗೆ ಗೊತ್ತಿತ್ತು, ನಾಳೆ ನೋಡಿಕೊಳ್ಳೋಣ ಎಂದು ಹಲ್ಲು ಕಚ್ಚಿದಳು.

ಇರಾಂಗ್ ಕರಿಹಲಗೆಯ ತನಕ ಬರಲು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು. ಮೇಜಿನ ಅಂಚುಗಳನ್ನು ಹಿಡಿದು ಹಿಡಿದು ಬಂದಳು. ಸಹಾಯಕ್ಕೆ ಎದ್ದ ಹುಡುಗನೊಬ್ಬನನ್ನು ಮೊಣಕೈಯಲ್ಲಿ ತಳ್ಳಿದಳು. ಸೀಮೆಸುಣ್ಣ ಹಿಡಿದು ಸೊಟ್ಟ ಚತುರ್ಭುಜವೊಂದನ್ನು ಬರೆದು, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು. ಇಲ್ಲಿಗೆ ನಿಲ್ಲಿಸಬೇಕಿತ್ತು, ಎರಡು ತ್ರಿಕೋನ, ಎರಡು ಸಲ ನೂರ ಎಂಬತ್ತು, ನಿನ್ನೆಯ ಉತ್ತರ ಅದೇ. ಆದರೆ ಇರಾಂಗ್ ನಿನ್ನೆ ಇರಲಿಲ್ಲ. ಅವಳು ಇನ್ನೊಂದು ಗೆರೆಯನ್ನೂ ಎಳೆದಳು, ಮೊದಲನೆಯದನ್ನು ಕತ್ತರಿಸಿ.

"ನಾಲ್ಕು... ತ್ರಿಕೋನ," ಎಂದಳು. ಪ್ರತಿ ಪದದ ಹಿಂದೆ ಇಡೀ ತರಗತಿ ಕಾಯಬೇಕಾಯಿತು. ಹಸಿರು ಚಪ್ಪಲಿಗಳು ನೆಲ ಕೆರೆದವು. "ಒಂದೊಂದೂ... ನೂರ... ಎಂಬತ್ತು. ನಾಲ್ಕ್... ಸಲ. ಏಳುನೂರ... ಇಪ್ಪತ್ತು."

ಮುಂದಿನ ಸಾಲಿನಲ್ಲಿ ಕಿಸಕ್ಕೆಂದ ಸದ್ದು. ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ತಾಯಿ ಚಪ್ಪಾಳೆ ತಟ್ಟಿದಳು, ಇನ್ನೊಬ್ಬಳು ಸೇರಿದಳು. ಕಣ್ಣು ಒದ್ದೆ ಮಾಡಿಕೊಂಡ, ಹಗುರಾದ, ಮುಗಿಯಿತಲ್ಲ ಎಂಬ ಚಪ್ಪಾಳೆ. ತಾಕ್ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ. ಮಕ್ಕಳೂ ಶುರು ಮಾಡಿದರು.

"ಚಪ್ಪಾಳೆ ನಿಲ್ಲಿಸಿ," ಎಂದಳು ಸೊಂಜು. ನಿಂತಿತು. "ಉತ್ತರ ತಪ್ಪು."

ಯಾರೋ ಉಸಿರೆಳೆದುಕೊಂಡರು. "ಇದೇನ್ರೀ, ಇಂಥ ಮಗೂಗೆ..." ಎಂದು ಒಂದು ಗಂಡಸು ದನಿ. ಕಾರಿಡಾರಿನಲ್ಲಿದ್ದ ಇರಾಂಗಳ ತಾಯಿ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟಳು. ಮುಖ ಕೆಂಪಾಗಿತ್ತು. "ಮಿಸ್, ಕ್ಷಮಿಸಿ, ಅವಳಿಗೆ ಇದೆಲ್ಲಾ..."

"ಕ್ಷಮೆ ಯಾಕಮ್ಮ? ಲೆಕ್ಕ ತಪ್ಪಾಗಿದೆ, ಬೇರೇನೂ ಆಗಿಲ್ಲ. ಒಳಗೇ ನಿಂತ್ಕೊಳ್ಳಿ, ಬಾಗಿಲಲ್ಲಿ ಗಾಳಿ." ಸೊಂಜು ಇರಾಂಗಳ ಕಡೆ ತಿರುಗಿದಳು. "ಏಳುನೂರ ಇಪ್ಪತ್ತು ಅಲ್ಲ. ನಿನ್ನ ಗೆರೆ ತಪ್ಪಿಲ್ಲ. ಎಲ್ಲಿ ಜಾಸ್ತಿ ಆಯ್ತು ನೋಡು."

ಇರಾಂಗಳ ಕಣ್ಣಲ್ಲಿ ಬೆಂಕಿ. ಅಳು ಬರುತ್ತದೇನೋ ಅಂದುಕೊಂಡರು ಎಲ್ಲರೂ. ಸೊಂಜುವೂ ಒಂದು ಕ್ಷಣ ಹಾಗೇ ಅಂದುಕೊಂಡು, ಬಿಟ್ಟುಬಿಡು, ಚೆನ್ನಾಗಿ ಹೇಳಿದೆ ಅನ್ನು, ಕೂರಿಸು, ಎಂದು ಒಳಗಿನಿಂದ ಎದ್ದ ಹಳೆಯ ಮೆತ್ತನೆಯ ದನಿಯನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡೂ ಹುಡುಗಿಯ ಕೈಯಿಂದ ಸೀಮೆಸುಣ್ಣ ತೆಗೆದುಕೊಳ್ಳಲಿಲ್ಲ. ಹುಡುಗಿ ಹಲಗೆಗೆ ಎದುರಾಗಿ ತಿರುಗಿದಳು.

"ಮುನ್ನೂರ ಅರವತ್ತು ಕಣೇ," ಎಂದು ಸೊಲ್ಬಿ ತಾಳಲಾರದೆ ಪಿಸುಗುಟ್ಟಿದಳು.

"ಗೊತ್ತು... ಬಿಡೇ," ಎಂದಳು ಇರಾಂಗ್, ತಿರುಗದೆ. "ಯಾಕೆ ಅಂತ... ನೋಡ್ತಿದೀನಿ."

ಬೆಲ್ಲು ಹೊಡೆಯಿತು. ಊಟದ ಬೆಲ್ಲು. ಪಕ್ಕದ ವಿಭಾಗದಲ್ಲಿ ಕುರ್ಚಿಗಳು ಒಮ್ಮೆಲೇ ಸರಿದವು. ಅಡುಗೆಮನೆಯ ಕಡೆಯಿಂದ ಸೋಯಾ ಕಾಳಿನ ಸಾರಿನ ಗಮಲು ಕಾರಿಡಾರಿನಲ್ಲಿ ಹರಡಿತ್ತು. ಮಕ್ಕಳ ಕಾಲುಗಳು ಮೇಜಿನ ಕೆಳಗೆ ಹೊರಡಲು ಸಿದ್ಧವಾದವು. ತಾಕ್ ಒಂದು ಹೆಜ್ಜೆ ಮುಂದೆ ಬಂದು, ಇಡೀ ಕೋಣೆಗೆ ಹಂಚುವ ನಗೆಯೊಂದನ್ನು ಮುಖಕ್ಕೆ ತಂದುಕೊಂಡ.

"ಬೆಲ್ ಆಯ್ತು ಓಕ್ ಮೇಡಂ. ಮಕ್ಕಳಿಗೆ ಹಸಿವಾಗಿರುತ್ತೆ."

"ಬೆಲ್ ಆಯ್ತು ಸಾರ್. ಲೆಕ್ಕ ಆಗಿಲ್ಲ. ಯಾರೂ ಏಳಬೇಡಿ."

ಸಾಲಿನಲ್ಲಿ ಒಬ್ಬಿಬ್ಬರು ಗಡಿಯಾರ ನೋಡಿದರು. ಸೊಲ್ಬಿಯ ತಾಯಿ ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ನಾಳೆ ಆ ಮಾತು ಯಾವ ಕಚೇರಿಯ ಮೇಜಿನ ಮೇಲೆ ಬರುತ್ತದೆ ಎಂದು ಸೊಂಜುವಿಗೆ ಗೊತ್ತಿತ್ತು. ಬರಲಿ. ಇರಾಂಗಳ ಸೀಮೆಸುಣ್ಣ ಹಲಗೆಯ ಮೇಲೆ ತಡಕಾಡುತ್ತ ಒಂದೊಂದು ಮೂಲೆಯನ್ನೂ ಮುಟ್ಟಿ, ಗೆರೆಯ ಗುಂಟ ಒಳಗೆ ಬಂದು, ಎರಡು ಗೆರೆಗಳು ಕತ್ತರಿಸುವ ಕಡೆ ನಿಂತಿತು. ಅವಳ ಬೆನ್ನು ನೆಟ್ಟಗಾಯಿತು.

"ಇದು," ಎಂದಳು. "ಇಲ್ಲಿರೋದು... ಅದರ ಮೂಲೆ... ಅಲ್ಲ. ನಾನು... ಮಾಡಿದ್ದು."

"ಶಭಾಷ್ ಮಗೂ!" ತಾಕ್ ಬಾಗಿಲನ್ನು ಅಗಲಕ್ಕೆ ತೆಗೆದ. "ತುಂಬಾ ಚೆನ್ನಾಗಿ ಹೇಳಿದೆ. ಸಾಕು, ನಡೀರಿ, ಊಟ..."

ಇರಾಂಗ್ ತಿರುಗಿದಳು. ಮಡಚಿದ ಕೈ ಎದೆಯ ಮೇಲೆ, ಸುಣ್ಣ ಹಿಡಿದ ಕೈ ಹಲಗೆಯ ಮೇಲೆ, ಗಲ್ಲ ಒದ್ದೆ. ಅಷ್ಟು ದೊಡ್ಡವರ ಸಾಲನ್ನು ಆ ತುದಿಯಿಂದ ಈ ತುದಿಯ ತನಕ ನೋಡಿದಳು, ತನ್ನ ತಾಯಿಯನ್ನೂ ಸೇರಿಸಿ.

"ಬಾಗಿಲು... ಹಾಕಿ," ಎಂದಳು. "ನಾನಿನ್ನೂ... ಇದನ್ನ... ಕಳೀಬೇಕು."

ಬಾಗಿಲು ಹಾಕಿದ್ದು ಅವಳ ತಾಯಿ.